ತೊಂಬತ್ತರ ಅಜ್ಜಿಯರು ತೂಕ ಎತ್ತಿದ್ದು

ನಮ್ಮ ಅತ್ತಿಯವರು ಒಂದು ತಂಬಿಗಿ ನೀರಿಗೆ ಎದ್ದರೂ ಸಾಕು, "ನೀವು ಕೂಡ್ರಿ, ನಾ ತರ್ತೀನಿ" ಅಂತ ಓಡಿ ಬರ್ತಿದ್ದೆ. ಪ್ರೀತಿಲೇ ಅಂತಿದ್ದೆ ಖರೇ. ಆದರ ಎರಡು ವರ್ಷದಾಗ ಅವರಿಗೆ ಕುರ್ಚಿಯಿಂದ ಏಳಲಿಕ್ಕೆ ನನ್ನ ಕೈ ಬೇಕಾತು. "ನೀನ ಕೂಡಿಸಿದಿ, ಈಗ ನೀನ ಎಬ್ಬಿಸವಾ" ಅಂತ ನಕ್ಕರು. ನನಗ ನಗು ಬರಲಿಲ್ಲ.

ಹಿಂಗ ಕೂಡಿಸೋ ರೂಢಿ ನಮ್ಮನಿದಷ್ಟ ಅಲ್ಲ. ಮೊದಲು ದೊಡ್ಡ ದೊಡ್ಡ ಡಾಕ್ಟರೂ ಬ್ಯಾನಿ ಬಂದವರಿಗೆ ಹಾಸಿಗಿನೇ ಔಷಧ ಅಂತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಶಿಕಾಗೋದ ಮಿಲಿಟರಿ ಆಸ್ಪತ್ರಿಯೊಳಗ ಮೊಣಕಾಲು ಕೆಟ್ಟ ಸೈನಿಕರು ತುಂಬಿದ್ದರು. ಅಲ್ಲಿದ್ದ ಥಾಮಸ್ ಡಿಲೋರ್ಮ್ ಅನ್ನೋ ಡಾಕ್ಟರು ತಾವೂ ಸಣ್ಣವರಿದ್ದಾಗ ಜಡ್ಡಾಗಿ ಮಲಗಿ, ತೂಕ ಎತ್ತಿ ಎತ್ತಿ ಶಕ್ತಿ ತಗೊಂಡಿದ್ದರು. ಆ ಸೈನಿಕರ ಕಾಲಿಗೆ ಕಬ್ಬಿಣದ ಬೂಟು ಕಟ್ಟಿ, ತಡಕೊಳ್ಳೋವಷ್ಟು ತೂಕ ಹಾಕಿ, ಸ್ವಲ್ಪ ಸ್ವಲ್ಪ ಏರಿಸಿದರು. ಸೊರಗಿದ ಸ್ನಾಯು ತುಂಬಿಕೊಂಡವು. 1945ರಾಗ ಅದನ್ನ ಬರದು ಪ್ರಕಟ ಮಾಡಿದರು.

ಅವರೆಲ್ಲಾ ಹರೇದ ಗಂಡಸರು, ನಮಗೇನು ಅಂತೀರಿ? ಮುಂದ ಕೇಳ್ರಿ. 1990ರಾಗ ಪ್ರಕಟ ಆದ ಅಧ್ಯಯನದೊಳಗ ಬಾಸ್ಟನ್ ಊರಿನ ಒಂದು ವೃದ್ಧಾಶ್ರಮದಾಗ ಮರಿಯಾ ಫಿಯಾಟರೋನ್ ಅನ್ನೋ ಡಾಕ್ಟರಮ್ಮ 10 ಮಂದಿ ಮುದುಕರಿಗೆ ತೊಡಿ ಶಕ್ತಿಯ ಕಸರತ್ತು ಮಾಡಿಸಿದರು. ಅವರ ವಯಸ್ಸು 90ರ ಆಜುಬಾಜು. ವಾರಕ್ಕ ಮೂರು ದಿನ, ಎಂಟು ವಾರ. 9 ಮಂದಿ ಪೂರಾ ಮಾಡಿದರು. ತೊಡಿ ಶಕ್ತಿ ಸರಾಸರಿ ಶೇ. 174ರಷ್ಟು ಏರಿತ್ತು, ಅಂದರ ಮೊದಲಿನಕಿಂತ ಎರಡೂವರಿ ಪಟ್ಟಿಗೂ ಜಾಸ್ತಿ! ಇಬ್ಬರು ಊರುಗೋಲು ಬಿಟ್ಟು ನಡದರು. ಆದರ ಬಿಟ್ಟ ನಾಲ್ಕ ವಾರದಾಗ ಶಕ್ತಿ ಮತ್ತ ಇಳೀತು. ಅದಕ್ಕ ಇದು ಔಷಧಿ ಕೋರ್ಸ್ ಅಲ್ಲ, ದಿನದ ಅಡಿಗಿ ಇದ್ದಂಗ.

"ನಮ್ಮ ಅಜ್ಜಿಯರು ಬೀಸೋಕಲ್ಲು ತಿರುವಿ ಗಟ್ಟಿ ಇದ್ದರು" ಅಂತ ಎಲ್ಲಾರೂ ಹೇಳ್ತಾರ. ಇರಬಹುದು. ಆದರ ಹೊಟ್ಟಿಗಿ ಸಾಲದನ, ನಿದ್ದಿ ಇಲ್ಲದನ ಬೀಸೋದು ಮೈ ಸವಸತಿತ್ತು. ಅಳತಿ ಇಟ್ಟು ತೂಕ ಏರಿಸಿ, ನಡುವ ಒಂದಿನ ಮೈಗೆ ವಿಶ್ರಾಂತಿ ಕೊಡೋದು ಬ್ಯಾರೆ.

ಮುಟ್ಟು ನಿಂತ ಮ್ಯಾಲೆ ನಮ್ಮ ಎಲುಬು ಲಗೂ ಸವೀತಾವ. ಸ್ನಾಯುಗೆ ಕೆಲಸ ಕೊಟ್ಟರ ಎಲುಬಿಗೂ ಆಧಾರ, ರಕ್ತದಾಗಿನ ಸಕ್ಕರಿನೂ ಅದು ಎಳಕೊಳ್ತದ, ಬೀಳೋ ಭಯನೂ ಕಡಿಮಿ. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ದೊಡ್ಡವರೆಲ್ಲಾರಿಗೂ ವಾರಕ್ಕ ಕನಿಷ್ಠ ಎರಡು ದಿನ ಇಂಥಾ ಕಸರತ್ತು ಬೇಕು ಅಂತ ಹೇಳ್ಯದ.

ಜಿಮ್ಮಿಗೇ ಹೋಗಬೇಕಂತಿಲ್ಲ. ಗೋಡಿಗೆ ಆನಿಸಿದ ಕುರ್ಚಿಯಿಂದ ಕೈ ಊರದ ಎದ್ದು ಕೂಡ್ರಿ. ಅದು ಹಗುರ ಅನಸಿದರ ಕೈಯಾಗ ಒಂದು ಲೀಟರ್ ನೀರಿನ ಬಾಟ್ಲಿ ಹಿಡೀರಿ, ಅದ ಒಂದು ಕಿಲೋ ತೂಕ. ಉಸಿರು ಮಾತ್ರ ಬಿಗಿ ಹಿಡೀಬ್ಯಾಡ್ರಿ. ಬಿಪಿ, ಹೃದಯದ ತ್ರಾಸು, ಎಲುಬು ಸವದದ್ದು ಇದ್ದರ ಡಾಕ್ಟರನ್ನ ಕೇಳಿಯೇ ಶುರು ಮಾಡ್ರಿ.

ಡಾಕ್ಟರನ್ನ ಕೇಳಿ ಅತ್ತಿಯವರೂ ಶುರು ಮಾಡ್ಯಾರ, ಜೋಡಿಗೆ ನಾನೂ. ಮೊದಲನೇ ದಿನ ಮೂರು ಸಲ ಎದ್ದರು, ಈಗ ಎಂಟು. ಅವರು ನೀರಿಗೆ ಎದ್ದರ ನಾ ಬಾಜೂಕ ನಿಂದರತೀನಿ, ಕೂಡ್ರಿ ಅನ್ನೂದಿಲ್ಲ.