ಕರಾಚಿ ಎಷ್ಟು ದೂರ?

ಮುಂಬೈಯಿಂದ ಕರಾಚಿಗೆ ಆಕಾಶಮಾರ್ಗದಲ್ಲಿ ಸುಮಾರು 880 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಮುಂಬೈಗೆ ಇರುವಷ್ಟೇ ದೂರ. ವಿಮಾನ ನೇರವಾಗಿ ಹಾರಿದರೆ ಒಂದೂವರೆ ಗಂಟೆಯ ದಾರಿ. ಕರಾಚಿಯವರಿಗೆ ತಮ್ಮ ರಾಜಧಾನಿ ಇಸ್ಲಾಮಾಬಾದಿಗಿಂತ ಮುಂಬೈಯೇ ಹತ್ತಿರ. ಆದರೆ ಇದು ಭೂಪಟದ ಲೆಕ್ಕ. ಚರಿತ್ರೆಯ ಲೆಕ್ಕ ಬೇರೆಯೇ ಇದೆ.

ಸಿಂಧ್ ಪ್ರಾಂತ್ಯ 1847ರಿಂದ 1936ರವರೆಗೆ ಮುಂಬೈ ಪ್ರೆಸಿಡೆನ್ಸಿಯ ಭಾಗವಾಗಿತ್ತು. ಅಂದರೆ ನಮ್ಮ ಧಾರವಾಡ, ಬೆಳಗಾವಿಗಳಿಗೂ ಕರಾಚಿಗೂ ಒಬ್ಬನೇ ಗವರ್ನರ್, ಒಂದೇ ಸರ್ಕಾರ. ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲಿಯೂ ಈ ನಂಟು ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟದೊಂದು ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೇರಿಕೊಂಡು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಬಂದ ಇಂಧನ ತುಂಬಿಸಿಕೊಂಡು ಮುಂಬೈ ಸೇರಿದರು. ಅಲ್ಲಿಂದ ನೆವಿಲ್ ವಿಂಟ್ಸೆಂಟ್ ಆ ಟಪಾಲನ್ನು ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಐವತ್ತು ವರ್ಷಗಳ ನಂತರ, 1982ರಲ್ಲಿ, 78ರ ಮುದುಕ ಟಾಟಾ ಕರಾಚಿಯಿಂದ ಮುಂಬೈಗೆ ಅದೇ ಹಾರಾಟವನ್ನು ಮತ್ತೊಮ್ಮೆ ಮಾಡಿದರು. ಮೂರು ಯುದ್ಧಗಳ ನಂತರವೂ ಎರಡೂ ಸರ್ಕಾರಗಳು ಅದಕ್ಕೆ ಒಪ್ಪಿದ್ದವು.

ನನ್ನ ನಾನಿಯ ತಂಗಿ ನಿಕಾಹ್ ಆಗಿ ಮುಂಬೈ ಬಂದರಿನಿಂದ ಹಡಗು ಹತ್ತಿ ಕರಾಚಿಗೆ ಹೋದವರು. ಕಥೆಗಾರ ಮಂಟೋ ಕೂಡ 1948ರಲ್ಲಿ ಮುಂಬೈ ಬಿಟ್ಟದ್ದು ಹಡಗಿನಲ್ಲೇ. 'ಒಂದೆರಡು ರಾತ್ರಿ ಮಲಗಿ ಎದ್ದರೆ ಕರಾಚಿ' ಎನ್ನುತ್ತಿದ್ದರು ನಾನಿ. 1965ರ ಯುದ್ಧದ ನಂತರ ಅವರು ಹಡಗಿನ ಮಾತೆತ್ತಲಿಲ್ಲ. ಮುನಾಬಾವ್ ಗಡಿಯ ರೈಲೂ ಅದೇ ವರ್ಷ ನಿಂತಿತು. ಕಡಿದುಹೋಗಿದ್ದ ವಿಮಾನ ಸಂಪರ್ಕ 1976ರಲ್ಲಿ ಮತ್ತೆ ಕೂಡಿತು. 1994ರಲ್ಲಿ ಕರಾಚಿಯ ಭಾರತೀಯ ಕಾನ್ಸುಲೇಟ್ ಮುಚ್ಚಿದ ಮೇಲೆ ಅಲ್ಲಿಯವರು ಮುಂಬೈಯ ವೀಸಾಕ್ಕಾಗಿ ಇಸ್ಲಾಮಾಬಾದಿನ ಕಡೆ ಮುಖ ಮಾಡಬೇಕಾಯಿತು. ದಕ್ಷಿಣಕ್ಕೆ ಹೋಗಬೇಕಾದವರು ಮೊದಲು ಉತ್ತರಕ್ಕೆ! 2002ರ ಜನವರಿಯಿಂದ ಎರಡು ವರ್ಷ ಆಕಾಶವೇ ಮುಚ್ಚಿತ್ತು. 2006ರಲ್ಲಿ ಥಾರ್ ಎಕ್ಸ್‌ಪ್ರೆಸ್ ಹೊರಟಾಗ ಗಡಿಯ ಎರಡೂ ಕಡೆ ಬಂಧುಗಳು ಅತ್ತರು. 2019ರ ಆಗಸ್ಟ್‌ನಲ್ಲಿ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ಹತ್ಯಾಕಾಂಡದ ನಂತರ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ಮತ್ತೆ ಆಕಾಶ ಮುಚ್ಚಿದವು.

ನೇರ ವಿಮಾನವಿಲ್ಲದಾಗ ದುಬೈಗೆ ಹೋಗಿ ಹಿಂದಿರುಗಿ ಬರಬೇಕು. 880 ಕಿಲೋಮೀಟರ್ ಆಗ 3000 ದಾಟುತ್ತದೆ. ಇಷ್ಟಾದರೂ ಇದು ವೀಸಾ ಸಿಕ್ಕವರ ಮಾತು. ವೀಸಾದಲ್ಲಿ ಬರೆದ ಊರು ಬಿಟ್ಟು ಬೇರೆ ಊರಿಗೆ ಹೋಗುವಂತಿಲ್ಲ. ಭಯೋತ್ಪಾದಕರ ಕೃತ್ಯಗಳು, ಯುದ್ಧಗಳು ಸರ್ಕಾರಗಳ ಕೈ ಬಿಗಿಗೊಳಿಸಿದ್ದಕ್ಕೆ ಕಾರಣಗಳಿವೆ, ಅಲ್ಲಗಳೆಯಲಾಗದು. ಆದರೆ ಆ ಬಿಗಿಯಲ್ಲಿ ಸಿಕ್ಕಿಕೊಂಡವರು ಬಹುಮಟ್ಟಿಗೆ ಮುದುಕಿಯರು, ಅಕ್ಕತಂಗಿಯರು, ಮೀನು ಹಿಡಿಯಲು ಹೋಗಿ ಕಾಣದ ಗೆರೆ ದಾಟಿದ ಬಡವರು.

ನಾನಿಯ ತಂಗಿ ಕರಾಚಿಯಲ್ಲಿ ತೀರಿಕೊಂಡ ಸುದ್ದಿ ಕೆಲವು ವರ್ಷಗಳ ಹಿಂದೆ ನನ್ನ ಮೊಬೈಲಿಗೆ ಬಂತು. ಮಯ್ಯತ್ ಇನ್ನೂ ಮನೆಯಲ್ಲೇ ಇತ್ತು. ಅಮ್ಮಿ ತಸ್‌ಬೀಹ್ ಹಿಡಿದು ಕುಳಿತಿದ್ದರು. 'ಇಲ್ಲಿಂದ ಎಷ್ಟು ಹೊತ್ತಿನ ದಾರಿ ಬೇಟಾ?' ಎಂದು ಕೇಳಿದರು. ಮುಂಬೈಯಿಂದ ಒಂದೂವರೆ ಗಂಟೆ ಅಂದೆ. 'ಹಾಗಾದರೆ ಮಿಟ್ಟಿಗೆ ತಲುಪಬಹುದಿತ್ತು' ಅಂದರು.