ಪದ್ಮಿನಿಯ ಬಣ್ಣದ ಕೆಳಗೆ

ಇವತ್ತು ಒಂದು ಕಾರಿನ ಕತೆ. ನಮ್ಮಜ್ಜ 1978ರಲ್ಲಿ ತಗೊಂಡ ಪ್ರೀಮಿಯರ್ ಪದ್ಮಿನಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ 11 ವರ್ಷ ನಿಂತೇ ಇತ್ತು. ಹೋದ ವರ್ಷ ಅದರ ಬಾಡಿ ಸರಿ ಮಾಡಿಸೋಣ ಅಂತ ಕೈ ಹಾಕಿದೆ. ನಾನು ಓದಿದ್ದು ಬಿ.ಕಾಂ. ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲ. ಅಪ್ಪ ಒಂದೇ ಮಾತು ಹೇಳಿದ್ರು: "ಮಳೆಗಾಲದೊಳಗೆ ನಾಲ್ಕೂ ಬಾಗಿಲು ನೆಟ್ಟಗೆ ಹಾಕೋ ಹಾಗಾದ್ರೆ ಇರಲಿ. ಇಲ್ಲಾಂದ್ರೆ ಗುಜರಿಗೆ ಕೊಟ್ಟುಬಿಡೋಣ."

ಮೊದಲ ದಿನವೇ ಪೆಟ್ಟು ಬಿತ್ತು. ಬಾಗಿಲ ಕೆಳಗೆ ಉದ್ದಕ್ಕೂ ಒಂದು ತಗಡಿನ ಪೆಟ್ಟಿಗೆ ಥರದ ಭಾಗ ಇರುತ್ತೆ, ಸಿಲ್ ಅಂತಾರೆ. ಹೊರಗಿಂದ ನುಣ್ಣಗೆ ಕಾಣ್ತಿತ್ತು. ಸ್ಕ್ರೂ ಡ್ರೈವರ್ ಒತ್ತಿದೆ, ಸೀದಾ ಒಳಗೆ ಹೋಯ್ತು. ತಗಡೇ ಇಲ್ಲ! ಬರೀ ಪುಟ್ಟಿ, ಅದರ ಮೇಲೆ ಬಣ್ಣ.

ಈ ಕಾರಿನಲ್ಲಿ ಅದು ಸಣ್ಣ ವಿಷಯ ಅಲ್ಲ. ಹಳೇ ಕಾಲದ ಎಷ್ಟೋ ಕಾರುಗಳಿಗೆ ಲಾರಿ ಥರ ಕೆಳಗೆ ಪ್ರತ್ಯೇಕ ಚಾಸಿಸ್ ಇರ್ತಿತ್ತು, ಬಾಡಿ ಅದರ ಮೇಲೆ ಕೂತಿರ್ತಿತ್ತು. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. 1953ರಲ್ಲಿ ಬಂದ ಆ ಮಾದರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಸಿಲ್ ಹೋದ್ರೆ ಕಾರಿನ ಸೊಂಟವೇ ಹೋದ ಹಾಗೆ. ಸಿಲ್ ಒಳಗೆ ಸೇರಿದ ನೀರು ಇಳಿದು ಹೋಗಲಿ ಅಂತ ಇರೋ ತೂತುಗಳು ಕೆಸರು ಕಟ್ಟಿ ಮುಚ್ಚಿಹೋಗಿದ್ವು. ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ, ತುಕ್ಕು ಒಳಗಿಂದಲೇ ತಿಂದಿತ್ತು.

ಇಂಥ ಕಾರನ್ನ ಅಜ್ಜ ಯಾಕೆ ಅಷ್ಟು ವರ್ಷ ಬಿಡದೆ ಇಟ್ಕೊಂಡ್ರು? ಉತ್ತರ ಹುಡುಕುತ್ತಾ ಹೋದ್ರೆ ದಾರಿ ಬೆಂಗಳೂರಿಗೇ ಬಂತು.

1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕು ಅಂತ ಯುರೋಪ್, ಅಮೆರಿಕ ಸುತ್ತಿ ಯೋಜನೆ ತಯಾರಿಸಿದ್ರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ನಿಂತ್ರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿಸ್ತು. ಆದ್ರೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ, ಯೋಜನೆ ನಿಂತುಹೋಯ್ತು. 1940ರಲ್ಲಿ ವಾಲ್‌ಚಂದ್ ಬೆಂಗಳೂರಿನಲ್ಲಿ ಶುರು ಮಾಡಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಇವತ್ತಿನ ಎಚ್‌ಎಎಲ್‌ನ ಮೂಲ. ಕಾರಿನ ಕಂಪನಿ, ಪ್ರೀಮಿಯರ್ ಆಟೋಮೊಬೈಲ್ಸ್, 1944ರಲ್ಲಿ ಹುಟ್ಟಿತು. ಕಾರ್ಖಾನೆ ಆಗಿದ್ದು ಬಾಂಬೆಯ ಕುರ್ಲಾದಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಪೂರ್ತಿ ತಯಾರಾದ ವಿದೇಶಿ ಕಾರುಗಳ ಆಮದಿಗೆ ಸರ್ಕಾರ ತಡೆ ಹಾಕಿತು. ಬಿಡಿಭಾಗ ತಂದು ಬರೀ ಜೋಡಿಸಿ ಮಾರೋ ಕಂಪನಿಗಳಿಗೂ ಬಾಗಿಲು ಮುಚ್ಚಿತು. ಫೋರ್ಡ್, ಜನರಲ್ ಮೋಟಾರ್ಸ್ 1950ರ ದಶಕದಲ್ಲೇ ಹೊರಟುಹೋದವು. ಉಳಿದದ್ದು ಬೆರಳೆಣಿಕೆಯ ಕಂಪನಿಗಳು. ಎಷ್ಟು ಕಾರು ಮಾಡಬೇಕು ಅನ್ನೋದಕ್ಕೂ ಲೈಸೆನ್ಸ್. 1969ರಲ್ಲಿ ಸರ್ಕಾರ ಕಾರುಗಳ ಬೆಲೆಯನ್ನೂ ತಾನೇ ನಿಗದಿ ಮಾಡಿದಾಗ ಪ್ರೀಮಿಯರ್ ಸುಪ್ರೀಂ ಕೋರ್ಟಿಗೇ ಹೋಯ್ತು. ಕೊಳ್ಳೋರು ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1964ರಲ್ಲಿ ಕುರ್ಲಾದಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಶುರುವಾದ ಕಾರು 1974ರಲ್ಲಿ ಪದ್ಮಿನಿ ಅಂತ ಹೆಸರು ಪಡೀತು. ಹೆಸರು ಬದಲಾದ್ರೂ ಬಾಡಿ ಹೆಚ್ಚೂಕಮ್ಮಿ ಅದೇ. ಸ್ಪರ್ಧೆ ಇಲ್ಲ ಅಂದ್ಮೇಲೆ ಬದಲಾಯಿಸೋ ಗರಜು ಯಾರಿಗಿತ್ತು ಹೇಳಿ?

ಕಾಮರ್ಸ್ ತರಗತಿಯಲ್ಲಿ ನಾವು ಡಿಪ್ರಿಸಿಯೇಷನ್ ಕಲೀತೀವಿ. ವರ್ಷ ಕಳೆದ ಹಾಗೆ ಆಸ್ತಿಯ ಬೆಲೆ ಇಳೀತಾ ಹೋಗ್ಬೇಕು. ಆದ್ರೆ ಹೊಸದು ಕೈಗೆ ಸಿಗದೇ ಇರೋ ಕಾಲದಲ್ಲಿ ಆ ಲೆಕ್ಕ ನಡೆಯಲ್ಲ. ಹಳೇದನ್ನ ಬಿಸಾಡೋ ಪ್ರಶ್ನೆಯೇ ಇಲ್ಲ, ರಿಪೇರಿ ಮಾಡಿಸ್ಕೊಳ್ಳಬೇಕು, ಅಷ್ಟೇ. ಅಜ್ಜನ ಟಿನ್ ಡಬ್ಬಿಯಲ್ಲಿ 1987ರ ಒಂದು ಬಿಲ್ ಸಿಕ್ತು: ಎಡಗಡೆ ಹಿಂದಿನ ಮಡ್‌ಗಾರ್ಡ್, ಪ್ಯಾಚ್, ಗ್ಯಾಸ್ ವೆಲ್ಡಿಂಗ್. ಅಷ್ಟೊತ್ತಿಗೆ ಮಾರುತಿ 800 ಬಂದು ನಾಲ್ಕು ವರ್ಷ ಆಗಿತ್ತು. ಅಜ್ಜ ಮಾತ್ರ ಹಳೇ ತಗಡಿಗೆ ತೇಪೆ ಹಾಕಿಸ್ತಿದ್ರು.

ಈಗ ವಾಪಸ್ ನನ್ನ ಸಿಲ್‌ಗೆ ಬರೋಣ. ಪದ್ಮಿನಿ ಉತ್ಪಾದನೆ ನಿಂತು ಎರಡು ದಶಕದ ಮೇಲಾಯ್ತು. ಕಾರ್ಖಾನೆಯ ಹೊಸ ಸಿಲ್ ನನಗೆ ಎಲ್ಲೂ ಸಿಗಲಿಲ್ಲ. ಮೊದಲು ಹೋದ ಗ್ಯಾರೇಜಿನವರು ತುಕ್ಕು ಕತ್ತರಿಸಿ ಎರಡೇ ದಿನದಲ್ಲಿ ಹೊಸ ತಗಡು ವೆಲ್ಡ್ ಮಾಡಿಕೊಟ್ರು. ಖುಷಿಯಿಂದ ಮನೆಗೆ ತಂದೆ. ಬಲಗಡೆ ಎರಡೂ ಬಾಗಿಲು ಹಾಕೋಕೇ ಆಗ್ಲಿಲ್ಲ. ಆಧಾರ ಕೊಡದೆ ಸಿಲ್ ಕತ್ತರಿಸಿದ್ರಿಂದ ಬಾಡಿ ನಡುವೆ ಜಗ್ಗಿತ್ತು. ಅಪ್ಪ ನೋಡಿದ್ರು, ಏನೂ ಹೇಳಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಆಮೇಲೆ ಶಿವಮೊಗ್ಗದಲ್ಲಿ ಒಬ್ಬರು ಹಿರಿಯ ಟಿಂಕರಿಂಗ್ ಮೇಸ್ತ್ರಿ ಸಿಕ್ಕಿದ್ರು. "ಮೊದ್ಲು ಬಾಡಿ ನೆಟ್ಟಗೆ ನಿಲ್ಲಿಸ್ಬೇಕು ತಮ್ಮಾ, ವೆಲ್ಡಿಂಗ್ ಆಮೇಲೆ" ಅಂದ್ರು. ಹೊಸ ವೆಲ್ಡ್ ಪೂರ್ತಿ ಕತ್ತರಿಸಿ ತೆಗೆದ್ರು. ಅಂದ್ರೆ ನಾನು ಕೊಟ್ಟ ದುಡ್ಡು ನೀರಲ್ಲಿ ಹೋಮ. ಜಾಕ್ ಇಟ್ಟು ಸ್ವಲ್ಪ ಸ್ವಲ್ಪವೇ ಎತ್ತಿ, ಬಾಗಿಲ ಜಾಗಕ್ಕೆ ಅಡ್ಡಡ್ಡ ಕಬ್ಬಿಣದ ಪೈಪ್ ಬಿಗಿದ್ರು. ಎಡಗಡೆ ಉಳಿದಿದ್ದ ಸಿಲ್ ನೋಡಿ ರಟ್ಟಿನಲ್ಲಿ ಅಚ್ಚು ಮಾಡಿದ್ರು, ಅದರ ಪ್ರಕಾರ ತಗಡು ಬಗ್ಗಿಸಿದ್ರು. ವೆಲ್ಡಿಂಗ್ ಕೂಡ ಒಂದೇ ಸಮನೆ ಅಲ್ಲ. ಇಲ್ಲೊಂದು ಚುಕ್ಕೆ, ಗೇಣು ಬಿಟ್ಟು ಅಲ್ಲೊಂದು ಚುಕ್ಕೆ, ತಣ್ಣಗಾಗೋವರೆಗೆ ಕಾಯೋದು. ಒಂದೇ ಕಡೆ ಕಾವು ಹೆಚ್ಚಾದ್ರೆ ತಗಡು ಸೊಟ್ಟ ಆಗುತ್ತೆ. ಪ್ರತಿ ಹಂತದಲ್ಲೂ ಬಾಗಿಲು ಹಾಕಿ ನೋಡೋದು. ಬಲಗಡೆಗೇ ಐದು ವಾರ ಹಿಡೀತು.

ಕೊನೆಗೆ 1987ರ ಆ ಪ್ಯಾಚ್. ಇದನ್ನೂ ಕಿತ್ತು ಹೊಸದು ಹಾಕೋಣ, ಕಾರು ಕುರ್ಲಾದಿಂದ ಬಂದ ಹಾಗೇ ಆಗಲಿ ಅಂದೆ. ಮೇಸ್ತ್ರಿ ಬಣ್ಣ ಕೆರೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿದ್ರು. "ಗಟ್ಟಿ ಇದೆ. ಮಾಡ್ದೋನು ಕೆಲಸ ಗೊತ್ತಿದ್ದೋನು. ಯಾಕೆ ಕೀಳ್ತೀಯ?"

ನಾನು ಕೀಳಿಸಲಿಲ್ಲ. ಕಾರ್ಖಾನೆಯಿಂದ ಬಂದ ದಿನದ ಕಾರು ಮಾತ್ರ ಅಸಲಿ ಅಂತ ನಾನು ಅಂದ್ಕೊಂಡಿದ್ದೆ. ಆದ್ರೆ ಈ ಕಾರನ್ನ ಇಲ್ಲೀವರೆಗೆ ತಂದಿದ್ದು ಇಂಥ ಪ್ಯಾಚುಗಳೇ. ಹೊಸದು ಸಿಗದ ಕಾಲದಲ್ಲಿ ಜನ ಹೇಗೆ ಬದುಕಿದ್ರು ಅನ್ನೋದಕ್ಕೆ ನಮ್ಮನೇಲಿ ಉಳಿದಿರೋ ದಾಖಲೆ ಅದು, ಬಿಲ್ ಸಮೇತ.

ಮೇ ಕೊನೆಯಲ್ಲಿ ಕಾರು ಮನೆಗೆ ಬಂತು. ಇನ್ನೂ ಬರೀ ಪ್ರೈಮರ್ ಬಣ್ಣದಲ್ಲೇ ಇದೆ. ಎಡಗಡೆ ಸಿಲ್ ಬಾಕಿ, ನೋಂದಣಿ ನವೀಕರಣವೂ ಬಾಕಿ. ಖರ್ಚಿನ ಪಟ್ಟಿ ನೋಡಿದ್ರೆ ಯಾವ ಆಡಿಟರೂ ಒಪ್ಪಲ್ಲ. ಅಪ್ಪ ಒಂದೊಂದಾಗಿ ನಾಲ್ಕೂ ಬಾಗಿಲು ತೆಗೆದು ಹಾಕಿದ್ರು. ಬಲಗಡೆ ಹಿಂದಿನದನ್ನ ಮಾತ್ರ ಎರಡು ಸಲ. ಆಮೇಲೆ ಶೆಡ್ಡಿನ ಹೆಂಚು ನೋಡ್ತಾ, "ಸೋರೋ ಕಡೆ ಹೆಂಚು ಬದಲಾಯಿಸ್ಬೇಕು, ಮಳೆ ಶುರುವಾಗುತ್ತೆ" ಅಂದ್ರು.

ನಿಮ್ಮ ಮನೇಲೂ ಇಂಥದ್ದೊಂದು ಗಾಡಿ ನಿಂತಿದ್ರೆ, ಮಳೆಗಾಲಕ್ಕೆ ಮುಂಚೆ ಸಿಲ್ ಕೆಳಗಿನ ಆ ತೂತುಗಳನ್ನ ಒಂದು ತಂತಿ ಹಾಕಿ ಬಿಡಿಸಿಡಿ.