ಮೆಟ್ಟಿಲೆಣಿಸುವ ಪ್ರವಾಸ

ಬಾಣಸವಾಡಿಯ ಯಾವ ಶಾಲೆಯ ಮಗುವನ್ನಾದರೂ ಕೇಳಿ ನೋಡಿ, ವಿಧಾನಸೌಧಕ್ಕೆ ಹೋಗಿ ಏನು ನೋಡಿ ಬಂದೆ ಅಂತ. ‘ಮೆಟ್ಟಿಲು’ ಅನ್ನುತ್ತದೆ. ಎಷ್ಟು ಅಂದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ನಲವತ್ತು ದಾಟಿದ ಮೇಲೆ ಎಣಿಕೆ ತಪ್ಪುತ್ತದೆ, ಯಾಕೆಂದರೆ ಎಣಿಸಿದ್ದು ಹತ್ತಿ ಅಲ್ಲ, ರಸ್ತೆಯ ಈಚೆ ನಿಂತು. ಆಮೇಲೆ ಕಂಬ, ಗುಮ್ಮಟದ ಮೇಲಿನ ಸಿಂಹ, ಅದಾದ ಮೇಲೆ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು. ಬೆಳಗಿನ ಐದಕ್ಕೇ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ ಕಳಿಸಿದ ತಾಯಿಗೆ ಸಂಜೆ ಸಿಗುವ ವರದಿ ಇಷ್ಟೇ. ‘ಶಾಸಕಾಂಗದ ಕಾರ್ಯವಿಧಾನ ತಿಳಿಯಲು ಶೈಕ್ಷಣಿಕ ಪ್ರವಾಸ’ ಎಂದು ಶಾಲೆಯ ಸುತ್ತೋಲೆಯಲ್ಲಿ ಬರೆದದ್ದು ಸುತ್ತೋಲೆಯಲ್ಲೇ ಉಳಿಯುತ್ತದೆ.

ನಾನು ಈ ಪ್ರವಾಸಕ್ಕೆ ಹಲವು ವರ್ಷ ಮಕ್ಕಳನ್ನು ಕರೆದುಕೊಂಡು ಹೋದವಳು. ಹಾಗಾಗಿ ಮೆಟ್ಟಿಲನ್ನು ಹಗುರವಾಗಿ ಕಾಣುವುದಿಲ್ಲ. ಮೆಟ್ಟಿಲಿಗೂ ಒಂದು ಕಥೆಯುಂಟು. 1951ರ ಜುಲೈ 13ರಂದು ಜವಾಹರಲಾಲ್ ನೆಹರು ಶಂಕುಸ್ಥಾಪನೆ ಮಾಡಿದಾಗ ಕೆ. ಸಿ. ರೆಡ್ಡಿಯವರ ಸರ್ಕಾರದ ಮನಸ್ಸಿನಲ್ಲಿದ್ದದ್ದು ಇಷ್ಟು ದೊಡ್ಡ ಕಟ್ಟಡವಲ್ಲ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಬದಲಾಯಿಸಿ, ನಮ್ಮ ದೇಗುಲಗಳ ಶಿಲ್ಪದ ಚಹರೆ ಬರುವಂತೆ ಕಲ್ಲಿನಲ್ಲಿ ಕಟ್ಟಿಸಿದರು. ಜೈಲಿನ ಕೈದಿಗಳೂ ಕಲ್ಲಿನ ಕೆಲಸಕ್ಕೆ ಬಂದರು. ದುಂದುವೆಚ್ಚ ಎಂಬ ಟೀಕೆ ಬೇಕಾದಷ್ಟು ಬಂತು. ಕೊನೆಗೆ 1956ರ ಡಿಸೆಂಬರ್ 19ರಂದು ಹೊಸ ಸೌಧದಲ್ಲಿ ಮೊದಲ ಅಧಿವೇಶನ ಕೂಡುವ ಹೊತ್ತಿಗೆ ಮುಖ್ಯಮಂತ್ರಿಯ ಆಸನದಲ್ಲಿದ್ದವರು ಎಸ್. ನಿಜಲಿಂಗಪ್ಪನವರು. ಹನುಮಂತಯ್ಯನವರು ನಾಲ್ಕು ತಿಂಗಳ ಹಿಂದೆಯೇ, ಆಗಸ್ಟ್‌ನಲ್ಲಿ, ಅಧಿಕಾರ ಬಿಟ್ಟಿದ್ದರು. ಮನೆ ಕಟ್ಟಿಸಿದವರಿಗೇ ಗೃಹಪ್ರವೇಶದಲ್ಲಿ ಯಜಮಾನಿಕೆ ಇಲ್ಲ! ಮಕ್ಕಳಿಗೆ ಇದನ್ನು ಹೇಳಿದರೆ ಕೆಲವರು ‘ಅಯ್ಯೋ’ ಅನ್ನುತ್ತಿದ್ದರು. ಬಹುಮತ ಎಂಬ ಪಾಠ ನನಗೆ ಅಲ್ಲಿಂದಲೇ ಶುರುವಾಗುತ್ತಿತ್ತು.

ಪಾಠ ಇನ್ನೂ ಮುಂಚೆ, ಬಸ್ಸಿನಲ್ಲೇ ಶುರುವಾಗಬೇಕು ಎನ್ನುವುದು ನನ್ನ ಅಭಿಪ್ರಾಯ. ಬಾಣಸವಾಡಿಯಿಂದ ಹೊರಟು ಕಾಕ್ಸ್‌ಟೌನು, ಫ್ರೇಜರ್‌ಟೌನು ದಾಟಿ ಕ್ವೀನ್ಸ್ ರಸ್ತೆಗೆ ಬೀಳುವ ದಾರಿ ಎಂಟೊಂಬತ್ತು ಕಿಲೋಮೀಟರು. ಅಷ್ಟರಲ್ಲಿ ಒಂದು ಕಾಲದ ಎರಡು ಸರ್ಕಾರಗಳ ನೆಲ ದಾಟಿರುತ್ತೇವೆ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದಾಗ ದಂಡನ್ನು ಮಾತ್ರ ತಮ್ಮ ರೆಸಿಡೆಂಟನ ಕೈಯಲ್ಲೇ ಇಟ್ಟುಕೊಂಡರು. ಕೃಷ್ಣರಾಜಪುರ ಹೋಬಳಿಯ ಬಾಣಸವಾಡಿ ಮಹಾರಾಜರ ಸೀಮೆ, ಊರಿನ ಪಕ್ಕದ ದಂಡು ಇಂಗ್ಲಿಷರ ಸೀಮೆ. ಅದೇ ವರ್ಷ ಅಕ್ಟೋಬರ್ 7ರಂದು ಚಾಮರಾಜೇಂದ್ರ ಒಡೆಯರ ಕಾಲದ ದಿವಾನ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿ ಸೇರಿಸಿದರು. 144 ಮಂದಿ, ಹೆಚ್ಚಿನವರು ಜಮೀನುದಾರರು, ವರ್ತಕರು. ದಸರೆಗೆ ಬಂದು ಅಹವಾಲು ಹೇಳಬಹುದು, ದಿವಾನರು ಕೇಳಿಸಿಕೊಳ್ಳುತ್ತಾರೆ. ಕಾಯಿದೆ ಮಾಡುವ ಅಧಿಕಾರವಿಲ್ಲ. ಅಷ್ಟೇ ಇದ್ದರೂ ತಾಲ್ಲೂಕಿನ ರೈತನ ಮಾತು ದಿವಾನರ ಕಿವಿಗೆ ಬೀಳಲು ಒಂದು ದಾರಿಯಾಯಿತು. ದಂಡಿನವರು ಆ ಸಭೆಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯ ಬರಲು ಕೆಲವೇ ದಿನಗಳಿದ್ದಾಗ. ಕಾಕ್ಸ್‌ಟೌನಿನ ಮಕ್ಕಳನ್ನು ನೋಡಿ ‘ಇಂಗ್ಲಿಷ್ ಬಡಾಯಿ’ ಎನ್ನುವ ನಮ್ಮ ಬಾಣಸವಾಡಿಯ ಹುಡುಗರಿಗೆ, ಈ ಒಂದು ವಿಷಯದಲ್ಲಿ ತಮ್ಮ ಊರು ಮುಂದಿತ್ತೆಂದು ಕೇಳಿ ಬಹಳ ಖುಷಿಯಾಗುತ್ತಿತ್ತು.

ಸದನ ನಡೆಯುವಾಗ ಗ್ಯಾಲರಿಯಲ್ಲಿ ಕೂರುವ ಯೋಗ ಎಲ್ಲ ವರ್ಷವೂ ಬರಲಿಲ್ಲ. ಪಾಸು ಸಿಗಬೇಕು, ಚೀಲ, ನೀರಿನ ಬಾಟಲಿ ಹೊರಗೆ ಬಿಡಬೇಕು, ಒಳಗೆ ಪಿಸುಗುಟ್ಟಬಾರದು, ಚಪ್ಪಾಳೆ ತಟ್ಟಬಾರದು. ಸ್ವಲ್ಪ ಹೊತ್ತಿಗೆ ಏಳಿಸಿ ಮುಂದಿನ ಶಾಲೆಯವರಿಗೆ ಜಾಗ ಬಿಡಿಸುತ್ತಾರೆ. ಒಮ್ಮೆ ಪ್ರಶ್ನೋತ್ತರದ ವೇಳೆಗೇ ಒಳಗೆ ಹೋದೆವು. ಯಾವುದೋ ದೂರದ ತಾಲ್ಲೂಕಿನ ಕುಡಿಯುವ ನೀರಿನ ವಿಷಯ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಾದರೆ ಬರೆದು ಕೊಟ್ಟರೆ ಸಾಕು. ಒಂದು ಚುಕ್ಕೆಗೆ ಇಷ್ಟು ಬೆಲೆಯೇ ಎಂದು ಮಕ್ಕಳು ಬೆರಗಾದರು. ಆದರೆ ನನ್ನ ಪಕ್ಕದ ಹುಡುಗಿಯ ಗಮನ ನೀರಿನ ಮೇಲೂ ಇರಲಿಲ್ಲ, ಚುಕ್ಕೆಯ ಮೇಲೂ ಇರಲಿಲ್ಲ. ಕೆಳಗೆ ಬಗ್ಗಿ ಬೆರಳು ಮಡಿಸುತ್ತಿದ್ದಳು. ಹೊರಗೆ ಬಂದ ಮೇಲೆ ಏನು ಎಣಿಸುತ್ತಿದ್ದೆ ಎಂದರೆ, ‘ಸೀರೆ, ಮಿಸ್’ ಅಂದಳು. ಅವಳ ಲೆಕ್ಕಕ್ಕೆ ಒಂದು ಕೈ ಸಾಕಾಗಿತ್ತು.

ಇದಕ್ಕೆ ಏನು ಹೇಳುವುದು? ಪುಸ್ತಕದಲ್ಲಿದ್ದದ್ದನ್ನು ಹೇಳಿದೆ. ಮೈಸೂರಿನಲ್ಲಿ ಹೆಣ್ಣು ಎಂಬ ಕಾರಣಕ್ಕೆ ಮತವಿಲ್ಲ ಎನ್ನುವ ಅಡ್ಡಿಯನ್ನು 1923ರಲ್ಲೇ ತೆಗೆದರು. ಆದರೆ ಆಸ್ತಿಯೋ ಕಂದಾಯವೋ ಹೆಸರಿನಲ್ಲಿರಬೇಕು ಎಂಬ ನಿಯಮ ಹಾಗೇ ಉಳಿಯಿತು. ಹೆಸರಿನಲ್ಲಿ ಆಸ್ತಿಯಿದ್ದ ಹೆಂಗಸರು ಎಷ್ಟು ಜನ! ಬಾಗಿಲು ತೆರೆದು ಹೊಸಿಲನ್ನು ಎತ್ತರಿಸಿದ ಹಾಗೆ. ಎಲ್ಲ ಹೆಂಗಸರ ಕೈಗೂ ಮತ ಬಂದದ್ದು ಸಂವಿಧಾನದೊಂದಿಗೆ, 1952ರ ಮೊದಲ ಮಹಾಚುನಾವಣೆಯಲ್ಲಿ. ಆ ಚುನಾವಣೆಯ ವಿಧಾನಸಭೆ ಕೂತದ್ದು ಈ ಸೌಧದಲ್ಲಿ ಅಲ್ಲ, ಎದುರಿಗಿರುವ ಕೆಂಪು ಕಟ್ಟಡದಲ್ಲಿ, ಅಠಾರಾ ಕಚೇರಿಯಲ್ಲಿ. ಇಪ್ಪತ್ತು ವರ್ಷಗಳ ನಂತರ, 1972ರಲ್ಲಿ, ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರು ಸಭಾಧ್ಯಕ್ಷರ ಪೀಠ ಏರಿ 1978ರವರೆಗೆ ಇದ್ದರು. ಅವರ ಹಿಂದೆಯೂ ಇಲ್ಲ, ಇದುವರೆಗೆ ಅವರ ಮುಂದೆಯೂ ಇಲ್ಲ, ನಮ್ಮ ವಿಧಾನಸಭೆಗೆ ಇನ್ನೊಬ್ಬ ಮಹಿಳಾ ಸಭಾಧ್ಯಕ್ಷೆ. 2023ರ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಗೆದ್ದು ಬಂದ ಹೆಂಗಸರು 10 ಮಂದಿ. ಸೀರೆ ಎಣಿಸುವವರಿಗೆ ಎರಡು ಕೈ ಬೇಕಾಯಿತು, ಅಷ್ಟೇ.

ನಾಗರತ್ನಮ್ಮನವರು ಪೀಠದಲ್ಲಿದ್ದ ಆ ಆರು ವರ್ಷ ಸಾಮಾನ್ಯವಾದದ್ದಲ್ಲ. ದೇವರಾಜ ಅರಸರು ಮುಖ್ಯಮಂತ್ರಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿನ ನಿರ್ಣಯ ಆದದ್ದು ಆಗ. ಭೂಸುಧಾರಣೆಯ ತಿದ್ದುಪಡಿ ಆದದ್ದೂ ಆಗಲೇ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಗಿ, ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ಸಾಲು ನಿಂತರು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ, 1976ರದ್ದು, ಅದೂ ಆ ಅವಧಿಯದೇ. ಮಸೂದೆ ಮಂಡನೆಯಾಯಿತು, ಕಲಮು ಕಲಮಾಗಿ ಚರ್ಚೆಯಾಯಿತು, ‘ಹೌದು’ ಎನ್ನುವವರು ಹೆಚ್ಚಾದರು, ಪರಿಷತ್ತಿಗೆ ಹೋಯಿತು, ಅಂಕಿತ ಬಿತ್ತು ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳಿಗೆ ಆಕಳಿಕೆ. ಅದೇ ‘ನೀವು ದಿನಾ ಸೈಕಲ್ ಹೊಡೆಯುವ ಎಚ್.ಆರ್.ಬಿ.ಆರ್. ಬಡಾವಣೆಯ ಅಡ್ಡರಸ್ತೆಗಳೆಲ್ಲ ಆ ಕಾಯಿದೆಯಿಂದ ಹುಟ್ಟಿದವು’ ಎಂದರೆ ಕಣ್ಣು ಅಗಲ. ಹೊಲವನ್ನು ಸ್ವಾಧೀನ ಮಾಡಿಕೊಂಡು, ಬಡಾವಣೆ ಮಾಡಿ, ನಿವೇಶನ ಹಂಚುವ ಅಧಿಕಾರ ಆಕಾಶದಿಂದ ಬೀಳಲಿಲ್ಲ. ಆ ಗುಮ್ಮಟದ ಕೆಳಗೆ ಕೈ ಎತ್ತಿದವರಿಂದ ಬಂತು.

ನಮ್ಮ ಬೀದಿಯಲ್ಲೇ ಒಬ್ಬ ಅಜ್ಜಿ ಇದ್ದರು, ಈ ಊರಿಗೆ ಸೊಸೆಯಾಗಿ ಬಂದಾಗ ಮನೆಯ ಹಿಂದೆ ರಾಗಿ ಹೊಲ ನೋಡಿದವರು. ಒಂದು ಪ್ರವಾಸದ ಸಂಜೆ ಮೊಮ್ಮಗನನ್ನು ಕರೆದೊಯ್ಯಲು ಗೇಟಿನ ಬಳಿ ಬಂದವರು ನನ್ನನ್ನು ಕೇಳಿದರು: ‘ಟೀಚರಮ್ಮ, ನಮ್ ಹೊಲ ಸೈಟಾಗೋ ಕಾಯ್ದೆ ಆ ಮನೇಲೇ ಆಗಿದ್ದಾ?’ ಹೌದಮ್ಮ ಅಂದೆ. ‘ಆಗ ಮೇಲ್ಗಡೆ ಕೂತು ನೋಡೋಕೆ ನಮ್ಮನ್ನೂ ಬಿಡ್ತಿದ್ರಾ?’ ಪಾಸು ತಗೊಂಡರೆ ಬಿಡ್ತಿದ್ದರು ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾರೂ ಹೇಳ್ಲೇ ಇಲ್ವಲ್ಲ’ ಎಂದು ಹುಡುಗನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಮರುವರ್ಷದಿಂದ ಪ್ರವಾಸಕ್ಕೆ ಮೊದಲು ಮಕ್ಕಳಿಗೆ ಒಂದು ಮನೆಗೆಲಸ ಕೊಡತೊಡಗಿದೆ: ನಿಮ್ಮ ಮನೆಯ ಜಾಗ ಮೊದಲು ಏನಾಗಿತ್ತು, ದೊಡ್ಡವರನ್ನು ಕೇಳಿ ಬರೆದು ತನ್ನಿ. ಹೊಲ, ತೋಪು, ಕೆರೆಯಂಗಳ ಎಂದು ಬಂದ ಉತ್ತರಗಳು ಯಾವ ಪಠ್ಯಪುಸ್ತಕಕ್ಕೂ ಕಡಿಮೆ ಇರಲಿಲ್ಲ.

ಮೇಲ್ಮನೆಯ ವಿಷಯ ಹೇಳುವಾಗ ಮಾತ್ರ ನನಗೆ ಒಳಗೊಳಗೇ ನಗು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು. ‘ಹಾಗಾದರೆ ನೀವೂ ಓಟು ಹಾಕ್ತೀರಾ ಮಿಸ್?’ ಎಂದು ಮಕ್ಕಳು ಕೇಳುತ್ತಿದ್ದರು. ಸಂವಿಧಾನದ ಪ್ರಕಾರ ಆ ಮತ ಪ್ರೌಢಶಾಲೆಯಿಂದ ಮೇಲಿನವರಿಗೆ. ಅಕ್ಷರ ತಿದ್ದಿಸುವ, ಪ್ರವಾಸಕ್ಕೆ ಕೈ ಹಿಡಿದು ಕರೆದೊಯ್ಯುವ ಪ್ರಾಥಮಿಕ ಶಾಲೆಯವರು ಆ ಲೆಕ್ಕದಲ್ಲಿ ಶಿಕ್ಷಕರಲ್ಲ. ಅವರಲ್ಲಿ ಬಹುಪಾಲು ಹೆಂಗಸರು ಎನ್ನುವುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಈಗ ಹೋಗಿಬರುವುದು ಸುಲಭ. 2016ರಿಂದ ಮೆಟ್ರೊ ರೈಲು ವಿಧಾನಸೌಧದ ಕೆಳಗೇ ಇಳಿಸುತ್ತದೆ, ಬಾಣಸವಾಡಿಯವರು ಬೈಯಪ್ಪನಹಳ್ಳಿಯಲ್ಲಿ ಹತ್ತಿದರಾಯಿತು. 2025ರ ಜೂನಿನಿಂದ ಮಾರ್ಗದರ್ಶಕರ ಜೊತೆ ಸೌಧವನ್ನು ಸುತ್ತಿ ನೋಡುವ ಏರ್ಪಾಡೂ ಆಗಿದೆ. ಆದರೆ ಅದು ಭಾನುವಾರ ಮತ್ತು ಎರಡನೆಯ, ನಾಲ್ಕನೆಯ ಶನಿವಾರ, ಎಂದರೆ ಸದನವಿಲ್ಲದ ದಿನ. ಶಾಲೆಗಳು ಪ್ರವಾಸ ಹೊರಡುವುದು ಡಿಸೆಂಬರಿನಲ್ಲಿ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಅಲ್ಲೇ. ಆ ಕಡೆಯ ಹಳ್ಳಿ ಶಾಲೆಯ ಮಕ್ಕಳು ಗ್ಯಾಲರಿ ತುಂಬಿ ಕೂತು ನಿಜವಾದ ಸದನ ನೋಡುತ್ತಾರೆ, ಬಹಳ ಒಳ್ಳೆಯದೇ ಆಯಿತು. ಅದೇ ಹೊತ್ತಿಗೆ ನಮ್ಮ ಮಕ್ಕಳು ಇಲ್ಲಿ ಖಾಲಿ ಕಟ್ಟಡದೆದುರು ನಿಂತು ಮೆಟ್ಟಿಲೆಣಿಸುತ್ತಾರೆ. ಬಜೆಟ್ ಅಧಿವೇಶನಕ್ಕೆ ಹೋಗೋಣವೆಂದರೆ ಪರೀಕ್ಷೆ. ಉಳಿಯುವುದು ಮಳೆಗಾಲದ ಅಧಿವೇಶನ, ಜುಲೈ ಅಥವಾ ಆಗಸ್ಟ್. ಪಾಲಕರ ಸಭೆಯಲ್ಲಿ ನೀವು ಎದ್ದು ನಿಂತು ಕೇಳಿ: ಪ್ರವಾಸವನ್ನು ಆ ತಿಂಗಳಿಗೆ ಹಾಕಿ, ಪಾಸಿಗೆ ಮುಂಚಿತವಾಗಿ ನಮ್ಮ ಕ್ಷೇತ್ರದ ಶಾಸಕರಿಗೆ ಬರೆಯಿರಿ ಅಂತ. ಮಕ್ಕಳು ನೆನೆಯುತ್ತಾರೆ ಎಂದು ಯಾರಾದರೂ ಅಂದರೆ, ಚಿತ್ರಾನ್ನದ ಡಬ್ಬಿಯ ಜೊತೆ ಒಂದು ಕೊಡೆಯನ್ನೂ ಕೊಟ್ಟು ಕಳಿಸುತ್ತೇವೆ ಎನ್ನಿ.